ಹನ್ನೊಂದನೆಯ ತೂತು

ಥಿನ್ನರ್ ವಾಸನೆ ಬಂದರೆ ಜನ ಮೂಗು ಮುಚ್ಚಿಕೊಂಡು ಕಿಟಕಿ ತೆಗೆಯುತ್ತಾರೆ. ಬಣ್ಣದಕ್ಕನಿಗೆ ಮಾತ್ರ ಅದು ಅಪ್ಪ ಮನೆಗೆ ಬಂದ ವಾಸನೆ. ಅವಳಿನ್ನೂ ಎರಡನೇ ಕ್ಲಾಸಿನಲ್ಲಿದ್ದ ಕಾಲ. ಸಂಜೆ ಬಾಗಿಲು ಸದ್ದು ಮಾಡುವುದಕ್ಕೆ ಮೊದಲೇ ಆ ವಾಸನೆ ಒಳಗೆ ಬಂದು ಕೂತಿರುತ್ತಿತ್ತು. ಅದರ ಬೆನ್ನಿಗೆ ಒದ್ದೆಯಾದ ಉಜ್ಜುಕಾಗದದ ವಾಸನೆ, ಅದರ ಬೆನ್ನಿಗೆ ಸಾಬೂನಿನದು, ಕಟ್ಟಕಡೆಗೆ ಅಪ್ಪ. ಅಮ್ಮ ಅವನ ಅಂಗಿಗಳಿಗೆಂದೇ ಬೇರೆ ಹಗ್ಗ ಕಟ್ಟಿದ್ದಳು. “ಇವು ನನ್ನ ಬಟ್ಟೆ ಪಕ್ಕ ಒಣಗಿದ್ರೆ ನಾನೂ ಗ್ಯಾರೇಜಿನವಳಾಗ್ತೀನಿ” ಎನ್ನುತ್ತಿದ್ದಳು. ಮಗಳು ಆ ಹಗ್ಗದ ಕೆಳಗೇ ನಿಂತು ಮಗ್ಗಿ ಒಪ್ಪಿಸುತ್ತಿದ್ದಳು. ಯಾರು ಗ್ಯಾರೇಜಿನವಳಾಗುತ್ತಾಳೆ ಎಂಬುದು ಆಗಲೇ ತೀರ್ಮಾನವಾಗಿತ್ತೋ ಏನೋ.

ಈಗ ಅವಳಿಗೆ ಐವತ್ತೇಳು. ಅಪ್ಪ ಹೋಗಿ ಬಹಳ ವರ್ಷವಾಯಿತು. ಅವನ ಗ್ಯಾರೇಜನ್ನು ಅವಳೂ ಅವಳ ತಮ್ಮನೂ ನಡೆಸುತ್ತಾರೆ. ಎಂಜಿನ್ ಕೆಲಸ ತಮ್ಮನದು, ಬಣ್ಣ ಅಕ್ಕನದು. ಹಾಗಾಗಿ ಬೀದಿಗೆಲ್ಲ ಅವಳು ಬಣ್ಣದಕ್ಕ. ತಮ್ಮನಿಗೆ ಬಿದ್ದ ಹೆಸರು ‘ಹದಿಮೂರು’. ದಿನಕ್ಕೆ ಹತ್ತು ಸಲ ಹದಿಮೂರನೇ ನಂಬರಿನ ಸ್ಪ್ಯಾನರ್ ಕಳೆದುಕೊಂಡು, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರ ಹಾಗೆ ಗ್ಯಾರೇಜೆಲ್ಲ ಜಾಲಾಡಿ, ಹತ್ತೂ ಸಲ ತನ್ನ ಹಿಂಜೇಬಿನಲ್ಲೇ ಕಂಡುಹಿಡಿಯುವವನಿಗೆ ಬೇರೆ ಯಾವ ಹೆಸರು ತಾನೇ ಒಪ್ಪೀತು?

ಹೋದ ವರ್ಷ ಬಣ್ಣದಕ್ಕ ಏಣಿಯಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಡಾಕ್ಟರು ಒಳಗೊಂದು ಉಕ್ಕಿನ ಪಟ್ಟಿ ಇಟ್ಟು ಮೂಳೆ ಕೂಡಿಸಿದರು. ಕೈ ನೆಟ್ಟಗಾಯಿತು, ಆದರೆ ತಿರುಗುವುದು ಮರೆತುಹೋಯಿತು. ನಲ್ಲಿ ತಿರುಗಿಸಲು, ಬೀಗದ ಕೈ ತಿರುಗಿಸಲು ಎಡಗೈಯನ್ನು ಕರೆಯಬೇಕು. ವರ್ಷವಿಡೀ ಬಣ್ಣದ ಗನ್ನು ಗೋಡೆಯ ಮೊಳೆಯಲ್ಲಿ ನೇತಾಡಿತು. ಬಣ್ಣಕ್ಕೆಂದು ಬಂದ ಗಾಡಿಗಳನ್ನೆಲ್ಲ ತಮ್ಮ ಊರಾಚೆಯ ದೊಡ್ಡ ಬೂತಿಗೆ ಕಳಿಸಿದ. ಅಲ್ಲಿ ಗಾಜಿನ ಕೋಣೆಯಂತೆ, ಬಿಸಿಗಾಳಿಯಂತೆ, ಬಣ್ಣ ಬೆರೆಸುವುದಕ್ಕೂ ಯಂತ್ರವಂತೆ. ಅಲ್ಲಿಂದ ವಾಪಸು ಬಂದ ಗಾಡಿಗಳು ಕೆಟ್ಟದಾಗಿರಲಿಲ್ಲ. ಅವಳಿಗೆ ಕಷ್ಟವಾದದ್ದು ಅದೇ.

ಹೀಗಿರುವಾಗ ಡ್ರೈವಿಂಗ್ ಟೀಚರ ಹಳೆಯ ಕಾರು ಬಂತು.

ಆ ಕಾರು ಗೊತ್ತಿಲ್ಲದವರು ಆ ಕಡೆಯ ನಾಲ್ಕು ಬೀದಿಯಲ್ಲಿ ಇರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಟೀಚರು ಅದರಲ್ಲಿ ಗಾಡಿ ಓಡಿಸುವುದು ಕಲಿಸಿದ್ದರು. ಅಂಚೆಯವನು ಕಲಿತದ್ದು ಅದರಲ್ಲಿ, ಔಷಧಿ ಅಂಗಡಿಯವನು ಕಲಿತದ್ದು ಅದರಲ್ಲಿ. ಹತ್ತೊಂಬತ್ತನೇ ವಯಸ್ಸಿನಲ್ಲಿ ಬಣ್ಣದಕ್ಕ ಕಲಿತದ್ದೂ ಅದರಲ್ಲೇ. ಟೀಚರು ಕೆಲಸ ಬಿಟ್ಟ ಮೇಲೆ ಹನ್ನೆರಡು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಈಗ ಎಪ್ಪತ್ನಾಲ್ಕರಲ್ಲಿ, ಅದನ್ನು ಮೊದಲಿನ ಹಾಗೆ ಮಾಡಿಸಬೇಕೆಂದು ಅವರಿಗೆ ಮನಸ್ಸಾಯಿತು. ಯಾಕೆಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ.

“ಅಡುಗೆಮನೆ ನೀನು ಮಾಡು,” ಎಂದ ತಮ್ಮ, ಎಂಜಿನ್ನನ್ನು ಸರಪಣಿಯಲ್ಲಿ ಮೇಲೆತ್ತುತ್ತ. “ಮೈಯೆಲ್ಲ ದೊಡ್ಡ ಬೂತಲ್ಲಿ ಮಾಡ್ಸೋಣ ಅಂತ ಮುಂದಿನ ಸೋಮವಾರಕ್ಕೆ ಹೇಳಿಟ್ಟಿದ್ದೀನಿ. ಶನಿವಾರ ನಾನು ಅಡುಗೆಮನೆ ನೋಡ್ತೀನಿ. ಒಪ್ಪಿಗೆಯಾದ್ರೆ ಅವರಿಗೆ ಬೇಡ ಅಂತ ಫೋನ್ ಮಾಡ್ತೀನಿ. ಈ ಗಾಡಿ ನಿನ್ನದು, ಇನ್ಮುಂದೆ ಬರೋ ಗಾಡೀನೂ ನಿನ್ನದೇ.”

“ಒಪ್ಪಿಗೆಯಾಗದಿದ್ರೆ?”

“ಕೂತ್ಕೊಂಡು ನನ್ನ ಬೈಯೋ ಕೆಲಸ ನೋಡ್ಕೋ. ಅದಕ್ಕೆ ಮಣಿಕಟ್ಟು ಬೇಕಾಗಿಲ್ಲ.”

ಬಾನೆಟ್ ಎತ್ತಿದರೆ ಕಾಣುವ, ಎಂಜಿನ್ ಕೂರುವ ಗೂಡಿಗೆ ಆ ಗ್ಯಾರೇಜಿನಲ್ಲಿ ಅಡುಗೆಮನೆ ಎಂದೇ ಹೆಸರು. ಅಪ್ಪ ಇಟ್ಟ ಹೆಸರು ಅದು. “ಹೊರಗೆ ಥಳಕು, ಒಳಗೆ ಹುಳುಕು ಅನ್ನಿಸ್ಕೋಬಾರದು. ಮನೆಯವರು ಎಂಥವರು ಅಂತ ತಿಳೀಬೇಕಾದ್ರೆ ಹಜಾರ ನೋಡಬೇಡ, ಅಡುಗೆಮನೆ ನೋಡು” ಎನ್ನುತ್ತಿದ್ದ. ಅಕ್ಕತಮ್ಮಂದಿರಿಗೆ ಬೇರೆ ಶಬ್ದವೇ ಬಾಯಿಗೆ ಬರುತ್ತಿರಲಿಲ್ಲ. ತಮ್ಮನ ಹೆಂಡತಿ ಮದುವೆಯಾದ ಹೊಸದರಲ್ಲಿ, “ನಿನ್ನೆ ಅಡುಗೆಮನೆಯಿಂದ ಒಂದು ಬಕೆಟ್ ಗ್ರೀಸು ತೆಗೆದ್ವಿ” ಎಂಬ ಮಾತು ಕೇಳಿ ಎರಡು ದಿನ ಊಟ ಸೇರದೆ ಇದ್ದಳು.

ಬಣ್ಣದಕ್ಕನಿಗೆ ಭಯವಿರಲಿಲ್ಲ. ತಮ್ಮನಿಗೆ ಗೊತ್ತಿಲ್ಲದ ಒಂದು ವಿಷಯ ಅವಳಿಗೆ ಗೊತ್ತಿತ್ತು. ಅವಳು ಮೊದಲ ಸಲ ಗನ್ ಹಿಡಿದ ದಿನ ಅಪ್ಪ ಅವಳ ಮೊಣಕೈಯಿಂದ ಅಂಗೈವರೆಗೆ ಒಂದು ಮರದ ಪಟ್ಟಿ ಕಟ್ಟಿದ್ದ. ಬಣ್ಣ ಹೊಡೆಯುವಾಗ ಮಣಿಕಟ್ಟು ಬಳುಕಬಾರದು. ಬಳುಕಿದರೆ ಗನ್ನಿನ ಮೂತಿ ಕಮಾನಿನ ಹಾಗೆ ಓಡಾಡಿ ನಡುವೆ ದಪ್ಪ, ಅಂಚಿಗೆ ತೆಳು ಬೀಳುತ್ತದೆ. ಭುಜ ನಡೆಯಬೇಕು, ಸೊಂಟ ನಡೆಯಬೇಕು, ಮಣಿಕಟ್ಟು ಸುಮ್ಮನೆ ಸವಾರಿ ಮಾಡಬೇಕು. ಆರು ತಿಂಗಳು ಆ ಪಟ್ಟಿ ಕಟ್ಟಿಕೊಂಡೇ ಅವಳು ಕಲಿತಳು. ಈಗ ಡಾಕ್ಟರು ಅದೇ ಪಟ್ಟಿಯನ್ನು ಒಳಗಿಟ್ಟು ಹೊಲಿದಿದ್ದಾರೆ, ಅಷ್ಟೇ ವ್ಯತ್ಯಾಸ.

ಸೋಮವಾರ ಕೆರೆಯುವ ಕೆಲಸ. ಮೂವತ್ತು ವರ್ಷದ ಎಣ್ಣೆಜಿಡ್ಡು ಧೂಳು ಕುಡಿದು ಕಪ್ಪು ಚರ್ಮವಾಗಿತ್ತು. ಚೂಪು ಕೆರೆಕಡ್ಡಿ, ತಂತಿಬ್ರಷ್ಷು, ಸೀಮೆಎಣ್ಣೆ, ಬಿಸಿನೀರು, ಮತ್ತೆ ಕೆರೆಕಡ್ಡಿ. ಬ್ಯಾಟರಿ ಕೂರುವ ತಟ್ಟೆಯನ್ನು ಆಸಿಡ್ ತಿಂದು ಜರಡಿ ಮಾಡಿತ್ತು; ತಮ್ಮ ಅದನ್ನು ಕತ್ತರಿಸಿ ಹೊಸ ತಗಡು ಬೆಸೆದ. ಆ ತಟ್ಟೆಯ ಅಡಿಯಲ್ಲಿ, ಬಿಸಿಲೂ ಎಣ್ಣೆಯೂ ಮುಟ್ಟದ ಒಂದು ಅಂಗೈ ಜಾಗದಲ್ಲಿ, ಕಾರಿನ ಮೊದಲ ಬಣ್ಣ ಹಾಗೇ ಇತ್ತು. ಪಾರಿವಾಳದ ಬೆನ್ನಿನ ಬೂದು. ಅವಳು ಕನ್ನಡಕ ಹಣೆಗೇರಿಸಿ ಅದನ್ನೇ ನೋಡುತ್ತ ಕೂತಳು. ಯಂತ್ರವಿಲ್ಲದಿದ್ದರೇನು, ನಾಲ್ಕು ಡಬ್ಬಿ ಮತ್ತು ಎರಡು ಕಣ್ಣಿನಿಂದ ಮಧ್ಯಾಹ್ನದೊಳಗೆ ಆ ಬೂದನ್ನು ಬೆರೆಸಿ, ಒಂದು ತಗಡಿನ ಚೂರಿಗೆ ಬಳಿದು ಪಕ್ಕದಲ್ಲಿಟ್ಟಳು. ಯಾವುದು ಹಳೆಯದು ಯಾವುದು ಹೊಸದು ಎಂದು ತಮ್ಮ ಮೂರು ಸಲ ತಪ್ಪು ಹೇಳಿದ.

ಒಂದೇ ಒಂದು ವಿಷಯಕ್ಕೆ ಅವಳಿಗೆ ಸಿಟ್ಟು ಬಂದಿತ್ತು. ಬೆಳಗ್ಗೆ ಬಂದು ನೋಡಿದರೆ ಥಿನ್ನರ್ ಡಬ್ಬಿಯ ತಿರುಪು ಮುಚ್ಚಳ ಸಡಿಲವಾಗಿರುತ್ತಿತ್ತು. ಪ್ರೈಮರಿಗೆ ಬೆರೆಸುವ ಗಟ್ಟಿಕಾರಕದ ಬಾಟಲಿಯದೂ ಹಾಗೇ.

“ಏನೋ ಇದು, ಮುಚ್ಚಳ ಬಿಗಿ ಮಾಡೋಕೂ ಹದಿಮೂರನೇ ನಂಬರ್ ಬೇಕಾ? ಥಿನ್ನರ್ ಹಾರಿಹೋಗುತ್ತೆ.”

“ಮರೆತೆ ಕಣೇ,” ಎಂದ ತಮ್ಮ. ಮರುದಿನವೂ ಮರೆತ.

ಮಂಗಳವಾರ ತೂತುಗಳ ದಿನ. ಎಂಜಿನ್ನಿಗೂ ಜನ ಕೂರುವ ಜಾಗಕ್ಕೂ ನಡುವೆ ಒಂದು ತಗಡಿನ ಗೋಡೆ ಇರುತ್ತದಲ್ಲ, ಅದರ ಜಿಡ್ಡು ತೆಗೆದಾಗ ಇರಬೇಕಾದ ತೂತುಗಳ ಜೊತೆಗೆ ಇರಬಾರದ ಹನ್ನೊಂದು ತೂತು ಕಂಡವು. ಯಾವುದೋ ಕಾಲದ ಹಾರನ್ನಿಗೆ ಎರಡು, ರೇಡಿಯೋ ತಂತಿಗೆ ಒಂದು, ಯಾಕೆಂದು ದೇವರಿಗೇ ಗೊತ್ತಿರುವ ಮೂರು, ಹೀಗೆ. ತೂತಿನ ವಿಷಯದಲ್ಲಿ ಅಪ್ಪನದೊಂದು ಕಟ್ಟುನಿಟ್ಟಿತ್ತು: ‘ಮುಚ್ಚೋಕೆ ಮುಂಚೆ ಅದು ಯಾರದು ಅಂತ ಕೇಳು.’

ಕೈಗವಸು ಹಾಕಿದ ಅವಳ ಎರಡೂ ಕೈ ತುಕ್ಕು ತೆಗೆಯುವ ಆಸಿಡ್ಡಿನಲ್ಲಿದ್ದವು. “ಟೀಚರಿಗೆ ಒಂದು ಫೋನ್ ಹಾಕೋ. ತೂತುಗಳನ್ನ ಮುಚ್ಚಬಹುದಾ ಕೇಳು” ಎಂದಳು.

ತಮ್ಮ ಬಾಗಿಲಾಚೆ ಹೋಗಿ ಮಾತಾಡಿ ಬಂದ.

“ಟೀಚರ ತಂಗಿ ಎತ್ತಿದ್ರು. ಎಲ್ಲ ಮುಚ್ಚಬೇಕಂತೆ. ‘ಒಂದೂ ಬಿಡಬೇಡಿ, ನನಗೆ ಮೂರು ದಿನದಿಂದ ನಿದ್ದೆಯಿಲ್ಲ’ ಅಂದ್ರು.”

“ತೂತಿಗೂ ನಿದ್ದೆಗೂ ಏನು ಸಂಬಂಧ?”

“ನನಗೇನು ಗೊತ್ತು. ಗಾಡಿ ಮೇಲೆ ಪ್ರೀತಿ ಇರಬೇಕು.”

ಬಣ್ಣದಕ್ಕನಿಗೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಒಂದು ಕ್ಷಣ ಚುಚ್ಚಿತು. ಆದರೆ ಆಸಿಡ್ ಕಾಯುವುದಿಲ್ಲ. ಸಂಜೆಯೊಳಗೆ ತಮ್ಮ ಹನ್ನೊಂದಕ್ಕೂ ಬಿಲ್ಲೆ ಬೆಸೆದ, ಅವಳು ಅರದಿಂದ ಸಮ ಮಾಡಿ, ಕೂದಲೆಳೆಯಷ್ಟು ಪುಟ್ಟಿ ಹಚ್ಚಿ ಉಜ್ಜಿದಳು. ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಎಲ್ಲಿತ್ತೆಂದು ತಿಳಿಯದಂತೆ ಹನ್ನೊಂದೂ ಮಾಯವಾದವು.

ಬುಧವಾರ ಪ್ರೈಮರು. ತಗಡು ತಗಡು ಕೂಡುವ ಸಂದುಗಳಿಗೆಲ್ಲ ಅಂಟು. ಮತ್ತೆ ಒದ್ದೆ ಕಾಗದದ ಉಜ್ಜಾಟ.

ಗುರುವಾರ ಬೆಳಗ್ಗೆ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದಳು. ಕಂಪ್ರೆಸರ್ ಹೊಟ್ಟೆಯ ನೀರು ಬಸಿದಳು. ಮುಸುಕು ಕಟ್ಟಿ, ಮೂತಿಗೆ ಮಾಸ್ಕ್ ಹಾಕಿ, ಮೊಳೆಯಿಂದ ಗನ್ ಇಳಿಸಿದಳು. ಮೊದಲು ಯಾರ ಕಣ್ಣಿಗೂ ಬೀಳದ ಮೂಲೆಗಳು, ಮಡಿಕೆಗಳ ಅಡಿಭಾಗ, ಆಮೇಲೆ ನಡುಗೋಡೆ, ಕೊನೆಗೆ ಎಡಬಲದ ಗೋಡೆಗಳು. ಒಂದು ಪಟ್ಟಿಯ ಅರ್ಧದ ಮೇಲೆ ಇನ್ನೊಂದು. ಭುಜ ನಡೆಯಿತು, ಸೊಂಟ ನಡೆಯಿತು. ಮಣಿಕಟ್ಟು ಒಳಗಿನ ಉಕ್ಕಿನ ಪಟ್ಟಿಯ ಮೇಲೆ ರಾಜನ ಹಾಗೆ ಸವಾರಿ ಮಾಡಿತು. ಮೂರು ಕೋಟ್ ಮುಗಿಸಿ ಹಿಂದೆ ಸರಿದು ನಿಂತಾಗ ಅವಳಿಗೆ ಯಾರ ಒಪ್ಪಿಗೆಯೂ ಬೇಕಾಗಿರಲಿಲ್ಲ. ತನಗೆ ಗೊತ್ತಾಗಿತ್ತು.

ಆದರೂ ಮಾತು ಮಾತೇ. ಶನಿವಾರ ಬೆಳಗ್ಗೆ ತಮ್ಮ ದೀಪ ಹಿಡಿದು ಬಂದ. ಮೋರೆಯನ್ನು ಪರೀಕ್ಷೆ ನಡೆಸುವವರ ಹಾಗೆ ಮಾಡಿಕೊಂಡು, ಗೂಡಿನೊಳಗೆ ತಲೆ ತೂರಿಸಿ, ಮೂಲೆ ಮೂಲೆಗೆ ಬೆಳಕು ಬಿಟ್ಟ. ಬಣ್ಣ ದಪ್ಪವಾಗಿ ಇಳಿದು ನಿಂತರೆ ಆ ಹನಿಗೆ ಇವರ ಮನೆಮಾತಿನಲ್ಲಿ ‘ಕಣ್ಣೀರು’. ತಮ್ಮ ಕಣ್ಣೀರು ಹುಡುಕುತ್ತಿದ್ದ.

“ಹುಡುಕು, ಹುಡುಕು,” ಎಂದಳು ಬಣ್ಣದಕ್ಕ. “ಸಿಕ್ಕಿದ್ರೆ ನಿನ್ನದೇ ಇರುತ್ತೆ.”

ತಮ್ಮ ತಲೆ ಹೊರಗೆ ತೆಗೆದ. ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

ಟೀಚರು ಬಂದಿದ್ದರು. ಅದೇ ನೆಟ್ಟಗಿನ ಬೆನ್ನು, ಬಲಗೈಗೆ ಗಡಿಯಾರ, ಹೆಗಲಿಗೆ ಬಟ್ಟೆಯ ಚೀಲ. ಹಿಂದೆ ಅವರ ತಂಗಿ; ಅರವತ್ತೈದರ ದುಂಡು ಮುಖದ ಹೆಂಗಸು, ಗಂಡ ಹೋದ ಮೇಲೆ ಅಕ್ಕನ ಜೊತೆ ಇರಲು ಬಂದವರು. ದಾರಿಯುದ್ದಕ್ಕೂ ಹೇಳುತ್ತಿದ್ದ ಯಾವುದೋ ಕಥೆಯನ್ನು ಬಾಗಿಲು ದಾಟಿದ ಮೇಲೂ ಮುಂದುವರಿಸುತ್ತಿದ್ದರು.

ಟೀಚರು ಕಾರಿನ ಮುಂದೆ ಬಂದು ನಿಂತರು. ಬಹಳ ಹೊತ್ತು ನೋಡಿದರು. ಬೂದುಬಣ್ಣದೊಳಗೆ ಕಿಟಕಿಯ ಚೌಕ ಬೆಳಕು ಮಲಗಿತ್ತು.

“ನಾನು ಇದನ್ನ ಮೊದಲು ನೋಡಿದ ದಿನ ಹೀಗೇ ಇತ್ತು,” ಎಂದರು ಮೆಲ್ಲಗೆ. “ಇಲ್ಲ. ಅವತ್ತೂ ಇಷ್ಟು ಚೆನ್ನಾಗಿರಲಿಲ್ಲ.”

ಹಾಗೆನ್ನುತ್ತ ಚೀಲದೊಳಗೆ ಕೈ ಹಾಕಿದವರು ನಡುಗೋಡೆಯ ಎಡಭಾಗವನ್ನು ಇನ್ನೊಮ್ಮೆ ನೋಡಿದರು. ಕೈ ನಿಂತಿತು. ಅರ್ಧ ಹೊರಬಂದಿದ್ದ ಯಾವುದೋ ಗಂಟನ್ನು, ಹಳೇ ಟವಲ್ಲಿನಲ್ಲಿ ಸುತ್ತಿದ್ದನ್ನು, ಸದ್ದಿಲ್ಲದೆ ಒಳಗೆ ತಳ್ಳಿ ಚೀಲದ ಬಾಯಿ ಮಡಿಸಿದರು. “ಬಹಳ ಚೆನ್ನಾಗಿದೆ ಕಣಮ್ಮ,” ಎಂದು ಮತ್ತೊಮ್ಮೆ ಹೇಳಿದರು.

ಬಣ್ಣದಕ್ಕ ಬದುಕಿಡೀ ಕೂದಲೆಳೆ ವ್ಯತ್ಯಾಸ ನೋಡಿದವಳು. ಆ ಕೈ ನಿಂತದ್ದು ಅವಳ ಕಣ್ಣು ತಪ್ಪಲಿಲ್ಲ.

“ಏನು ಟೀಚರ್ ಅದು, ಚೀಲದಲ್ಲಿ?”

“ಏನಿಲ್ಲ.”

“ಏನಿಲ್ಲ ಅಂದ್ರೆ?” ಎಂದರು ತಂಗಿ. “ಬೆಳಗ್ಗೆಯಿಂದ ಉಜ್ಜಿ ಎಣ್ಣೆ ಹಾಕಿ ತಂದಿದ್ದೀಯ. ಅದು ನನ್ನ ಬ್ರೇಕು ಕಣಮ್ಮ.”

“ಸುಮ್ನಿರು,” ಎಂದರು ಟೀಚರು.

“ಯಾಕೆ ಸುಮ್ನಿರಲಿ? ನೋಡಮ್ಮ, ಊರಿಗೆಲ್ಲ ಗಾಡಿ ಕಲಿಸಿದ್ಲು, ನನಗೆ ಕಲಿಸಲಿಲ್ಲ. ದೀಪದ ಬುಡ ಕತ್ತಲೆ. ಮೊನ್ನೆ ಹುಟ್ಟಿದ ದಿನ ಏನು ಬೇಕು ಅಂದ್ಲು. ಗಾಡಿ ಕಲಿಸು ಅಂದೆ. ಅದಕ್ಕೇ ತಾನೇ ಈ ಗಾಡಿ ರಿಪೇರಿ.”

ಟೀಚರು ಟವಲ್ ಬಿಚ್ಚಿದರು. ಒಳಗಿದ್ದದ್ದು ಒಂದು ಬ್ರೇಕ್ ಪೆಡಲ್, ಅದಕ್ಕೆ ಸುರುಳಿ ಸುತ್ತಿದ ಉಕ್ಕಿನ ಕೇಬಲ್. ರಬ್ಬರಿನ ಗೀರುಗಳೆಲ್ಲ ಸವೆದು ಕನ್ನಡಿಯಾಗಿತ್ತು. ಕಲಿಸುವವರ ಸೀಟಿನ ಮುಂದೆ ಇರುತ್ತಿದ್ದ ಎರಡನೇ ಬ್ರೇಕು. ಗಾಡಿ ಶೆಡ್ಡಿಗೆ ಸೇರಿದಾಗ ಕಳಚಿಟ್ಟಿದ್ದರು. ಅದರ ಕೇಬಲ್ ನಡುಗೋಡೆಯನ್ನು ತೂರಿ ಎಂಜಿನ್ ಕಡೆಗೆ ಬಂದು ಮುಖ್ಯ ಬ್ರೇಕಿಗೆ ಸೇರುತ್ತಿತ್ತು.

ಹನ್ನೊಂದರಲ್ಲಿ ಒಂದು.

ಬಣ್ಣದಕ್ಕನ ಕಾಲಿಗೆ ಆ ಬ್ರೇಕಿನ ನೆನಪಿತ್ತು. ಕಲಿಯಲು ಸೇರಿದ ನಾಲ್ಕನೇ ದಿನ, ಮೊಟ್ಟೆಯ ತಟ್ಟೆಗಳನ್ನು ಗೋಪುರದ ಹಾಗೆ ಕಟ್ಟಿಕೊಂಡ ಸೈಕಲ್ಲೊಂದು ಓಣಿಯಿಂದ ಬಂದಿತ್ತು. ಇವಳ ಕಾಲು ಮರಗಟ್ಟಿತ್ತು. ಕಾರು ತಾನಾಗಿ ನಿಂತಿತು, ಸೈಕಲ್ಲಿಗೆ ಒಂದು ಗೇಣು ದೂರದಲ್ಲಿ. ಟೀಚರು ಬೈಯಲಿಲ್ಲ. “ಮೊಟ್ಟೆಯವರಿಗೆ ದಾರಿ ಬಿಡೋಣ,” ಎಂದಿದ್ದರು, ಅಷ್ಟೇ. ಅಷ್ಟು ಗೊತ್ತಿದ್ದೂ ಆ ಬ್ರೇಕು ಗೋಡೆಯ ಆಚೆ ಎಲ್ಲಿ ಹೊರಬರುತ್ತದೆಂದು ಅವಳು ಯಾವತ್ತೂ ನೋಡಿರಲಿಲ್ಲ.

“ಫೋನ್ ಮಾಡಿ ಕೇಳಿದ್ನಲ್ಲ ನಾನು,” ಎಂದ ತಮ್ಮ, ಟೀಚರ ತಂಗಿಯ ಕಡೆ ತಿರುಗಿ. “ಅಡುಗೆಮನೆ ತೂತು ಎಲ್ಲ ಮುಚ್ಚೋದಾ ಅಂದೆ. ಒಂದೂ ಬಿಡಬೇಡಿ ಅಂದ್ರಿ.”

ತಂಗಿಯ ದುಂಡು ಮುಖ ಇನ್ನೂ ದುಂಡಗಾಯಿತು.

“ಅದು ನೀನಾ? ನಾನು ಗಾರೆಯವನು ಅಂದ್ಕೊಂಡೆ. ನಮ್ಮನೆ ಅಡುಗೆಮನೇಲಿ ಇಲಿ ಕೊರೆದು ಕೊರೆದು ಮೂರು ರಾತ್ರಿ ನಿದ್ದೆಯಿಲ್ಲ. ತೂತು ಮುಚ್ಚೋಕೆ ಅವನು ಬರ್ತೀನಿ ಅಂದಿದ್ದ.” ಸ್ವಲ್ಪ ತಡೆದು, “ಅಂದ್ರೆ ನನ್ನ ಬ್ರೇಕನ್ನ ನಾನೇ ಮುಚ್ಚಿಸಿದೆ,” ಎಂದರು.

ಮೊದಲು ನಕ್ಕವರು ಟೀಚರು. ಆಮೇಲೆ ಎಲ್ಲರಿಗೂ ತಡೆಯಲಾಗಲಿಲ್ಲ. ತಮ್ಮ ದೀಪವನ್ನು ಕೆಳಗಿಟ್ಟು ಬಾಗಿ ಬಾಗಿ ನಕ್ಕ. ಬಣ್ಣದಕ್ಕನೂ ನಕ್ಕಳು, ಆದರೆ ನಗುವಿನ ತಳದಲ್ಲಿ ಅಪ್ಪನ ಮಾತು ಕೂತಿತ್ತು. ಕೇಳು ಎಂದಿದ್ದ. ಇನ್ನೊಬ್ಬರ ಬಾಯಲ್ಲಿ ಕೇಳಿಸು ಎಂದಿರಲಿಲ್ಲ.

“ಇರಲಿ ಬಿಡಮ್ಮ,” ಎಂದರು ಟೀಚರು, ಪೆಡಲನ್ನು ಮತ್ತೆ ಸುತ್ತುತ್ತ. “ಇವಳಿಗೆ ಮೈದಾನದಲ್ಲಿ ಕಲಿಸ್ತೀನಿ. ಇಷ್ಟು ಚಂದದ ಕೆಲಸಕ್ಕೆ ತೂತು ಹೊಡಿಯೋದಾ?”

“ಬೇರೆ ದಾರೀನೂ ಇದೆ,” ಎಂದ ತಮ್ಮ. “ಕೇಬಲನ್ನ ಕೆಳಗಿಂದ, ನೆಲದ ತಗಡಿನಡಿ ಸುತ್ತಿಸಿ ತರಬಹುದು. ಹೇಗೋ ಆಗುತ್ತೆ.”

“ಹೇಗೋ ಆಗೋ ಬ್ರೇಕು,” ಎಂದಳು ಬಣ್ಣದಕ್ಕ.

ತಮ್ಮ ಅವಳ ಪಕ್ಕಕ್ಕೆ ಸರಿದ. ಆಮೇಲೆ ಅವಳಿಗೆ ಮಾತ್ರ ಕೇಳುವಂತೆ, “ಕೊರೆದ್ರೆ ಬಣ್ಣ ಏಳುತ್ತೆ ಅಕ್ಕ. ಎರಡು ದಿನದ ಬಣ್ಣ, ಇನ್ನೂ ಹಸಿ. ತೇಪೆ ಹಾಕೋದು ಹೊಸದಾಗಿ ಹೊಡಿಯೋದಕ್ಕಿಂತ ಕಷ್ಟ, ಅದು ನನಗಿಂತ ನಿನಗೇ ಗೊತ್ತು. ಈಗ ಹೇಗಿದೆಯೋ ಹಾಗೆ ಇದ್ರೆ ನಾನು... ಈಗಿನದು ನೋಡಿ ಹೇಳಬೇಕಾ, ಆಮೇಲಿನದು ನೋಡಿ ಹೇಳಬೇಕಾ?”

“ಆಮೇಲಿನದು ನೋಡು.”

“ಕೆಟ್ಟರೆ?”

“ಕೆಟ್ಟರೆ ಸೋಮವಾರ ತಳ್ಕೊಂಡು ಹೋಗು. ಅಲ್ಲೀವರೆಗೆ ಆ ಡ್ರಿಲ್ ಕೊಡು.”

ಅವಳ ದನಿಯಲ್ಲಿ ಜಂಬವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅನ್ನದ ನೀರು ಎಷ್ಟಿಡಬೇಕೆಂದು ಗೊತ್ತಿರುವವರ ದನಿ ಅದು.

ಮೊದಲ ಪ್ರಶ್ನೆ, ಎಲ್ಲಿ? ಬಣ್ಣದ ಕಡೆಯಿಂದ ಏನೂ ತಿಳಿಯುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿದ್ದಳು. ಒಳಗಿನಿಂದ, ಕಾಲಿಡುವ ಜಾಗದಲ್ಲಿ, ಬೆಸುಗೆಯ ಉಂಗುರಗಳು ಕಂಡವು. ಆದರೆ ಆ ಒಂದು ಕಡೆಯೇ ಮೂರಿದ್ದವು, ಗೇಣಗಲದೊಳಗೆ. ತಮ್ಮ ಟೇಪ್ ತಂದ, ಅಳೆದ, ಸುರಿದ, ತಲೆ ಕೆರೆದುಕೊಂಡ.

“ಟೀಚರ್, ನೀವೇ ಬನ್ನಿ,” ಎಂದಳು ಬಣ್ಣದಕ್ಕ.

ಸೀಟುಗಳೆಲ್ಲ ಹೊರಗಿದ್ದವು. ಟೀಚರ ಸೀಟಿನ ಜಾಗದಲ್ಲಿ ಒಂದು ಗಿಡ್ಡ ಸ್ಟೂಲು ಇಟ್ಟಳು. ಟೀಚರು ಚಪ್ಪಲಿ ಬಿಟ್ಟು ಒಳಗೆ ಕೂತರು. ಎದುರಿಗೆ ರಸ್ತೆಯ ಬದಲು ಗೋಡೆಯ ಮೇಲಿನ ಸ್ಪ್ಯಾನರುಗಳ ಸಾಲು.

“ಕಣ್ಣು ಮುಚ್ಚಿ. ಪಕ್ಕದಲ್ಲಿ ನಾನು ಓಡಿಸ್ತಾ ಇದ್ದೀನಿ. ಓಣಿಯಿಂದ ಮೊಟ್ಟೆ ಸೈಕಲ್ ಬಂತು.”

ಟೀಚರ ತುಟಿಯಂಚಿನಲ್ಲಿ ನಗು ಬಂತು. “ಅದು ನಿನಗೆ ಇನ್ನೂ ನೆನಪಿದೆಯಾ?” ಎನ್ನುತ್ತಿದ್ದಂತೆ ಅವರ ಬಲಗಾಲು ತಾನೇ ಮುಂದೆ ಚಾಚಿ, ಇಲ್ಲದ ಪೆಡಲಿನ ಮೇಲೆ ನಿಂತಿತು. ಹನ್ನೆರಡು ವರ್ಷ ಶೆಡ್ಡಿನಲ್ಲಿದ್ದದ್ದು ಕಾರು, ಕಾಲಲ್ಲ. ಬಣ್ಣದಕ್ಕ ಆ ಹಿಮ್ಮಡಿಯ ನೇರಕ್ಕೆ, ಪೆಡಲನ್ನೂ ಕೇಬಲನ್ನೂ ಹಿಡಿದು ನೋಡಿದಳು. ನಡುವಿನ ಉಂಗುರ. ಸೀಮೆಸುಣ್ಣದಿಂದ ಗುರುತು ಹಾಕಿದಳು.

ಒಳಗಿನಿಂದ ಸೂಜಿಯಷ್ಟು ಸಣ್ಣ ಡ್ರಿಲ್ಲಿನಲ್ಲಿ ಒಂದು ತೂತು, ದಾರಿ ತೋರಿಸುವುದಕ್ಕೆ ಮಾತ್ರ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬಾರದು. ಆಮೇಲೆ ಬಣ್ಣದ ಕಡೆಗೆ ಬಂದು ಆ ಚುಕ್ಕೆಯ ಸುತ್ತ ಎರಡು ಪದರ ಟೇಪ್ ಅಂಟಿಸಿ, ಅಂಚುಗಳನ್ನು ಹೆಬ್ಬೆರಳಿನಿಂದ ತೀಡಿದಳು. ದೊಡ್ಡ ಡ್ರಿಲ್ ಎಡಗೈಯಲ್ಲಿ ಹಿಡಿದಳು, ಬಲಗೈಯನ್ನು ಮೇಲೆ ಭಾರವಾಗಿ ಇಟ್ಟಳು. ತಂಗಿ ಕಣ್ಣು ಮುಚ್ಚಿಕೊಂಡರು. ತಗಡು ಒಂದು ಸಲ ಕಿರುಗುಟ್ಟಿತು, ಬೂದು ಬಣ್ಣದ ಸಿಪ್ಪೆ ಸುರುಳಿಯಾಗಿ ಉದುರಿತು. ನಾಲ್ಕು ದಿನದ ಕೆಲಸದ ನಟ್ಟನಡುವೆ ಒಂದು ಬಟನ್ನಿನಷ್ಟು ಕತ್ತಲೆ.

ಟೇಪ್ ಬಿಡಿಸಿದಾಗ ಅಂಚಿನಲ್ಲಿ ಒಂದು ಅಕ್ಕಿಕಾಳಿನಷ್ಟು ಬಣ್ಣ ಎದ್ದಿತ್ತು. ತಮ್ಮ ದೀಪವನ್ನು ಹತ್ತಿರ ಹಿಡಿದ. ಅವಳು ಅರದಿಂದ ಅಂಚು ನಯ ಮಾಡಿದಳು, ಉಜ್ಜಿದಳು, ಬರಿ ತಗಡು ಕಂಡಲ್ಲಿ ಪ್ರೈಮರ್ ಮುಟ್ಟಿಸಿದಳು. ತೇಪೆ ಕಾಣುವುದು ತೇಪೆಯ ನಡುವಿನಲ್ಲಲ್ಲ, ಅಂಚಿನಲ್ಲಿ. ಹಳೆಯ ಬಣ್ಣಕ್ಕೂ ಹೊಸದಕ್ಕೂ ಗಡಿ ಎಲ್ಲಿ ಬೀಳುತ್ತದೋ ಅಲ್ಲಿ. ಹಾಗಾಗಿ ಅವಳು ಗಡಿಯನ್ನು ತೂತಿನ ಹತ್ತಿರ ಇಡಲೇ ಇಲ್ಲ. ನಡುಗೋಡೆಯಲ್ಲಿ ಬಲಕ್ಕೊಂದು, ಎಡಕ್ಕೊಂದು ತಗಡಿನ ಮಡಿಕೆ ಇತ್ತು. ಆ ಮಡಿಕೆಯಿಂದ ಈ ಮಡಿಕೆವರೆಗೆ ಇಡೀ ಪಟ್ಟಿಯನ್ನು ಉಜ್ಜಿ ಹೊಳಪು ಮಂದ ಮಾಡಿ, ಉಳಿದದ್ದಕ್ಕೆಲ್ಲ ಕಾಗದ ಹೊದಿಸಿದಳು. ಗಡಿ ಇರುವುದೇ ಆದರೆ ಮಡಿಕೆಯ ನೆರಳಿನಲ್ಲಿ ಇರಲಿ.

ಟೀಚರೂ ತಂಗಿಯೂ ಹೊರಗಿನ ಬೆಂಚಿನ ಮೇಲೆ ಕೂತರು. ಹೋಗಿ ಎಂದು ಯಾರೂ ಹೇಳಲಿಲ್ಲ. ತಂಗಿ ಅರ್ಧ ಗಂಟೆ ಮಾತೇ ಆಡಲಿಲ್ಲ. ಅದು ಅವರು ಮಾಡಬಹುದಾದ ಅತಿ ದೊಡ್ಡ ಸಹಾಯವೆಂದು ಬಣ್ಣದಕ್ಕನಿಗೆ ಗೊತ್ತಿತ್ತು.

ಅವಳು ಗನ್ನಿಗೆ ಬಣ್ಣ ತುಂಬಿದಳು. ಉಸಿರು ಎಳೆದಳು. ಭುಜ ನಡೆಯಿತು, ಸೊಂಟ ನಡೆಯಿತು. ಒಂದು ತೆಳು ಕೋಟು, ಕಾಯುವುದು, ಇನ್ನೊಂದು, ಕಾಯುವುದು. ಮೂರನೆಯದಕ್ಕೆ ಗನ್ನನ್ನು ಒಂದು ಬೆರಳಗಲ ಹತ್ತಿರ ತಂದಳು, ಬಣ್ಣ ತಾನಾಗಿ ಹರಿದು ಮಟ್ಟವಾಗುವಷ್ಟು ಒದ್ದೆ, ಅಳದಷ್ಟು ಹಿಡಿತ. ಗಡಿಯಾರ ಎರಡೂವರೆ ದಾಟಿತ್ತು. ಕಾಗದ ಬಿಡಿಸಿ ಹಿಂದೆ ಸರಿದಳು.

ತಮ್ಮ ದೀಪ ಹಿಡಿದು ಬಂದ. ಈ ಸಲ ಪರೀಕ್ಷೆಯವರ ಮೋರೆ ಮಾಡಲಿಲ್ಲ. ಬೆಳಕನ್ನು ಬಲ ಮಡಿಕೆಯಿಂದ ಎಡ ಮಡಿಕೆವರೆಗೆ ಒಯ್ದ, ವಾಪಸು ತಂದ. ಓರೆಯಾಗಿ ಬಿಟ್ಟ, ಕೆಳಗಿನಿಂದ ಬಿಟ್ಟ. ತೂತೊಂದು ಕಾಣುತ್ತಿತ್ತು, ಹುಟ್ಟಿನಿಂದ ಅಲ್ಲೇ ಇದ್ದ ಹಾಗೆ. ಬೇರೇನೂ ಕಾಣುತ್ತಿರಲಿಲ್ಲ.

“ಇನ್ಮೇಲೆ,” ಎಂದ ಅವನು, “ಇದಕ್ಕೆ ಅಡುಗೆಮನೆ ಅನ್ನಬಾರದು.”

“ಅನ್ನೋಣ,” ಎಂದಳು ಅವಳು. “ಆದ್ರೆ ಫೋನಲ್ಲಿ ಅನ್ನೋದು ಬೇಡ.”

ಅವನು ಜೇಬಿನಿಂದ ಫೋನ್ ತೆಗೆದುಕೊಂಡು ಬಾಗಿಲಾಚೆ ಹೋದ. ಬಣ್ಣದಕ್ಕ ಗನ್ ತೊಳೆಯುತ್ತಿದ್ದಳು. ಮಾತು ಚೂರುಚೂರಾಗಿ ಕೇಳಿತು. “ಸೋಮವಾರ ಬರಲ್ಲ... ಇಲ್ಲ, ಮುಂದಿನ ವಾರಾನೂ ಅಲ್ಲ... ನಮ್ಮಲ್ಲೇ ಆಗುತ್ತೆ.” ಬೆಂಚಿನ ಮೇಲಿಂದ ತಂಗಿಯ ದನಿ ಮತ್ತೆ ಶುರುವಾಗಿತ್ತು. ಕ್ಲಚ್ ಎಂದರೆ ಯಾವ ಕಾಲು ಎಂದು ಕೇಳುತ್ತಿದ್ದರು. “ನಿಧಾನ. ಮೊದಲು ಬಾಗಿಲು ತೆಗೆಯೋದು ಕಲಿ,” ಎನ್ನುತ್ತಿದ್ದರು ಟೀಚರು.

ಅವಳು ಗೋಡೆಗೆ ಒರಗಿ ಕೆಳಗೆ ಕೂತಳು. ಮಣಿಕಟ್ಟು ಈಗ ನೋಯುತ್ತಿತ್ತು, ಹೊಲ ಉತ್ತು ಬಂದ ಎತ್ತಿನ ಹಾಗೆ, ಮರ್ಯಾದೆಯ ನೋವು. ಬೆಳಗ್ಗೆಯಿಂದ ತಾನೇನೂ ತಿಂದಿಲ್ಲವೆಂದು ಆಗ ನೆನಪಾಯಿತು.

ತಮ್ಮ ಒಳಗೆ ಬಂದ. ಅವನ ಹೆಂಡತಿ ದಿನವೂ ಕಟ್ಟಿಕೊಡುವ ಎರಡು ಸ್ಟೀಲ್ ಡಬ್ಬಿ ಕಪಾಟಿನಲ್ಲಿದ್ದವು, ತಿರುಪಿನ ಮುಚ್ಚಳದವು. ಅವನು ಬೆನ್ನು ತಿರುಗಿಸಿ ನಿಂತು ಏನೋ ಮಾಡಿದ. ಸ್ಟೀಲು ಸ್ಟೀಲಿಗೆ ಉಜ್ಜಿದ ಸಣ್ಣ ಸದ್ದು ಬಂತು. ಬಣ್ಣದಕ್ಕನ ಕಣ್ಣು ಕೆಲಸದ ಮೇಜಿನ ಮೇಲಿದ್ದ ಥಿನ್ನರ್ ಡಬ್ಬಿಯ ಕಡೆ ಹೋಯಿತು, ಪಕ್ಕದ ಬಾಟಲಿಯ ಕಡೆ ಹೋಯಿತು. ವಾರವಿಡೀ ದಿನಾ ಬೆಳಗ್ಗೆ, ತಿರುಗಿಸಲು ಅವಳು ಎಡಗೈಯನ್ನು ಕರೆಯುವ ಮೊದಲೇ, ಅವೆಲ್ಲ ಸಡಿಲವಾಗಿದ್ದವು.

ಅವನು ಬಂದು, ಮುಚ್ಚಳ ಸುಮ್ಮನೆ ಮೇಲಿಟ್ಟಿದ್ದ ಡಬ್ಬಿಯನ್ನು ಅವಳ ಎಡಗೈಗೆ ಕೊಟ್ಟು, ತನ್ನದನ್ನು ಹಿಡಿದುಕೊಂಡು ಪಕ್ಕದಲ್ಲಿ ಕೂತ.